ಕೆಂಪು ಶಾಯಿಯ ಷರಾ

ಶಾಲೆಯ ಸ್ಟಾಫ್ ರೂಮು, ಕಿಟಕಿ ಪಕ್ಕದ ಮೇಜು
ಶುಕ್ರವಾರ, ೧೪ನೇ ತಾರೀಖು

ಪ್ರೀತಿಯ ಗುಬ್ಬಿ,

ಹೇಗಿದ್ದೀಯ ಮಗಳೇ? ಹದಿನಾಲ್ಕು ತಿಂಗಳು ಬಾಯಿ ಮುಚ್ಚಿಕೊಂಡಿದ್ದು ಈಗ ಹೀಗೆ ಕೇಳಲು ನನಗೇ ನಾಚಿಕೆಯಾಗುತ್ತದೆ, ಆದರೂ ಕೇಳದೆ ಮುಂದಿನ ಸಾಲಿಗೆ ಹೋಗಲಾರೆ. ಮೊನ್ನೆ ಔಷಧಿ ಅಂಗಡಿಯಲ್ಲಿ ನಿನ್ನ ನರ್ಸ್ ಗೆಳತಿ ಸಿಕ್ಕಿದ್ದಳು. ನೀನು ತುಂಬಾ ಇಳಿದುಹೋಗಿದ್ದೀಯಂತೆ, ಹೆಸರು ಹಿಡಿದು ಕರೆದರೂ ತಕ್ಷಣ ತಿರುಗಿ ನೋಡುವುದಿಲ್ಲವಂತೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನಮ್ಮನ ಮಂಡಿನೋವು ಹಾಗೇ ಇದೆ, ನಾಲಿಗೆಗೆ ಮಾತ್ರ ಯಾವ ನೋವೂ ಇಲ್ಲ. ದಿನಾ ಬೆಳಿಗ್ಗೆ ಕಾಫಿ ಲೋಟ ಕುಕ್ಕುತ್ತಾ, "ಹೆತ್ತ ಮಗಳ ಕಾಗದಾನೂ ತಿದ್ದಿದ ಪುಣ್ಯಾತ್ಮರು ನೀವು" ಅನ್ನುತ್ತಾಳೆ. ನಾನು ಕಾಫಿ ಕುಡಿದು ಶಾಲೆಗೆ ಬರುತ್ತೇನೆ.

ಈ ವರ್ಷ ನನಗೆ ನಾಲ್ಕನೇ ತರಗತಿ ಕೊಟ್ಟಿದ್ದಾರೆ. ನಲವತ್ತೊಂದು ಕೋತಿಮರಿಗಳು. ಈಗ ಅಭಿಪ್ರಾಯ ಬರೆಯುವ ಪಾಠ ನಡೆಯುತ್ತಿದೆ. ಅದೇ ನನ್ನ ಹಳೇ ಬೆರಳಿನ ಲೆಕ್ಕ, ನಿನಗೆ ಗೊತ್ತಲ್ಲ: ಹೆಬ್ಬೆರಳು ಅಭಿಪ್ರಾಯ, ನಡುವಿನ ಮೂರು ಬೆರಳು ಮೂರು ಕಾರಣ, ಕಿರುಬೆರಳು ಮುಕ್ತಾಯ. ಒಬ್ಬ ಭೂಪ "ಹೋಂವರ್ಕ್ ಬೇಡ, ಯಾಕೆಂದರೆ ಅದು ನಮ್ಮಪ್ಪನಿಗೆ ಬರುವುದಿಲ್ಲ" ಎಂದು ಬರೆದಿದ್ದ. ನಕ್ಕು ನಕ್ಕು ಸಾಕಾಗಿ ಪೂರ್ತಿ ಅಂಕ ಕೊಟ್ಟೆ. ಮನೆಯಲ್ಲೂ ಅದೇ ಕಾನೂನು ಇಟ್ಟಿದ್ದೆನಲ್ಲ. ಏಳು ವರ್ಷದ ನೀನು ಬೆನ್ನ ಹಿಂದೆ ಬೆಕ್ಕಿನ ಮರಿ ಬಚ್ಚಿಟ್ಟುಕೊಂಡು ನನ್ನೆದುರು ಬೆರಳು ಮಡಿಚಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಒಂದು, ಅದು ಮೆತ್ತಗಿದೆ. ಎರಡು, ಅದಕ್ಕೆ ಯಾರೂ ಇಲ್ಲ. ಮೂರು, ನನಗೆ ಬೇಕು. ಬೇಕು ಅನ್ನುವುದು ಕಾರಣವಲ್ಲ, ಬೇರೆ ಹೇಳು ಎಂದು ನಿನ್ನನ್ನು ಅಳಿಸಿದ್ದೆ. ಅಷ್ಟರಲ್ಲಿ ನಿನ್ನಮ್ಮ ಅದಕ್ಕೆ ಹಾಲು ಹಾಕಿಯಾಗಿತ್ತು.

ನಿನ್ನೆಯ ವಿಷಯ ಹೇಳುತ್ತೇನೆ ಕೇಳು. ರಜೆ ಇನ್ನೂ ಹೆಚ್ಚು ಬೇಕೇ ಬೇಡವೇ ಎಂದು ಬರೆಯಲು ಕೊಟ್ಟಿದ್ದೆ. ನಲವತ್ತು ಮಂದಿ ಬೇಕು ಎಂದು ಬರೆದಿದ್ದರು. ಮೂರನೇ ಬೆಂಚಿನ ಹುಡುಗಿಯೊಬ್ಬಳು, ಯಾವಾಗಲೂ ಜಡೆಯ ತುದಿ ಕಚ್ಚುತ್ತಿರುತ್ತಾಳೆ, ಅವಳೊಬ್ಬಳೇ ಬೇಡ ಎಂದಿದ್ದಳು. "ರಜೆ ಬೇಡ. ಒಂದು, ಮನೆ. ಎರಡು, ಮನೆ. ಮೂರು, ಮನೆ." ನನ್ನ ಕೆಂಪು ಪೆನ್ನು ಅಭ್ಯಾಸಬಲದಿಂದ ಅಂಚಿಗೆ ಹೋಯಿತು. "ಒಂದೇ ಕಾರಣವನ್ನು" ಎಂದು ಬರೆಯುವಷ್ಟರಲ್ಲಿ ಕೈ ನಿಂತುಬಿಟ್ಟಿತು. ಅವಳನ್ನು ಹೊರಗೆ ಕರೆದು ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡೆ. ಏನೂ ಕೇಳಲಿಲ್ಲ. ಜಡೆಯನ್ನು ಬಾಯಿಂದ ತೆಗೆದು ಅವಳೇ ಹೇಳಿದಳು. ಏನು ಹೇಳಿದಳು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಹೆಡ್ ಮೇಡಂಗೆ ತಿಳಿಸಿದೆ, ಸಂಜೆ ಅವಳ ಸೋದರತ್ತೆ ಬಂದು ತಮ್ಮ ಮನೆಗೆ ಕರೆದುಕೊಂಡು ಹೋದರು.

ಗುಬ್ಬೀ, ನೀನೂ ಎರಡೇ ಸಾಲು ಬರೆದಿದ್ದೆ. "ಅಪ್ಪಾ, ನಾನು ವಾಪಸ್ ಬಂದುಬಿಡ್ತೀನಿ. ಇಲ್ಲಿ ನನ್ನ ಕೈಲಿ ಆಗ್ತಿಲ್ಲ." ನಾನು ಅದರ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ, "ಇದು ಅಭಿಪ್ರಾಯವಾಯಿತು. ಕಾರಣಗಳೆಲ್ಲಿ? ಮೂರು ಬರೆ, ಒಂದೊಂದಕ್ಕೂ ಉದಾಹರಣೆ ಇರಲಿ" ಎಂದು ಷರಾ ಬರೆದು ನಿನಗೇ ತಿರುಗಿ ಕಳಿಸಿದೆ. ವಾರದ ಮೇಲೆ ನಿನ್ನ ಲಕೋಟೆ ಬಂತು. ಗೆರೆ ಹಾಕಿದ ಹಾಳೆಯಲ್ಲಿ ಒಂದು, ಎರಡು, ಮೂರು ಎಂಬ ಅಂಕಿ ಬಿಟ್ಟರೆ ಬೇರೇನೂ ಇರಲಿಲ್ಲ. ಆಮೇಲೆ ನಿನ್ನಿಂದ ಒಂದಕ್ಷರವೂ ಬರಲಿಲ್ಲ. ತಮಾಷೆಗೆ ಬರೆದೆ ಎಂದು ನಿನ್ನಮ್ಮನಿಗೆ ಹೇಳಿದ್ದೇನೆ, ಅದು ಸುಳ್ಳು. ಕಾರಣ ನನಗೆ ಗೊತ್ತಿತ್ತು. ಆ ಕಾಗದಕ್ಕೂ ಮುಂಚೆ ನಿಮ್ಮಲ್ಲಿಗೆ ಬಂದಾಗ ಅಳಿಯನ ಸ್ಕೂಟರ್ ಸದ್ದು ಕೇಳಿದ ಕೂಡಲೇ ನೀನು ಮಾತನ್ನು ಅರ್ಧಕ್ಕೇ ನಿಲ್ಲಿಸಿ ಎದ್ದು ನಿಂತೆ. ನಾನು ನೋಡಿದೆ. ನೋಡಿಯೂ ಬಿಸ್ಕತ್ತು ತಿನ್ನುತ್ತಾ ಕೂತಿದ್ದೆ. ನೀನು ಬಂದುಬಿಟ್ಟರೆ ನಾಲ್ಕು ಜನ ಏನಂದಾರು ಎಂಬ ಹೆದರಿಕೆ ನನಗೆ. ನೀನು ಬರದಿರಲಿ ಅಂತಲೇ ಕಾರಣ ಕೇಳಿದೆ ಮಗಳೇ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ನನ್ನದು ಅದೇ ಪಾಡು. ನನ್ನನ್ನು ಕ್ಷಮಿಸು ಎನ್ನಲು ಬಾಯಿಲ್ಲ, ಆದರೂ ಕೇಳುತ್ತಿದ್ದೇನೆ.

ಬೆಲ್ ಆಯಿತು, ಕೋತಿಮರಿಗಳು ಕಾಯುತ್ತಿವೆ. ನಿನ್ನಮ್ಮನ ಮುತ್ತು, ನನ್ನ ಆಶೀರ್ವಾದ. ನೂರು ಕಾಲ ಚೆನ್ನಾಗಿರು ಕಂದಾ.

ಇಂತಿ,
ನಿನ್ನ ಮೇಷ್ಟ್ರು ಅಪ್ಪ

ತಾ.ಕ.: ಇದನ್ನು ಅಂಚೆಗೆ ಹಾಕುವುದಿಲ್ಲ, ನಿನ್ನ ಗೆಳತಿ ನಿನ್ನ ಕೈಗೇ ಕೊಡುತ್ತಾಳೆ. ಓದಿ ಹರಿದುಬಿಡು. ಬರುವ ಬುಧವಾರ ಹನ್ನೊಂದು ಗಂಟೆಗೆ, ಅಳಿಯ ಕೆಲಸಕ್ಕೆ ಹೋದ ಮೇಲೆ, ನಿಮ್ಮ ಮನೆಯೆದುರಿನ ಟೈಲರ್ ಅಂಗಡಿ ಹತ್ತಿರ ನಿಂತಿರುತ್ತೇನೆ. ಆಟೋ ಜೊತೆಗಿರುತ್ತದೆ. ಉಟ್ಟ ಬಟ್ಟೆಯಲ್ಲೇ ಬಂದರೂ ಸರಿ. ಬರಲು ಮನಸ್ಸಿಲ್ಲದಿದ್ದರೆ ಕಿಟಕಿಯ ಪರದೆ ಎಳೆದುಬಿಡು, ಹಿಂತಿರುಗಿ ಹೋಗುತ್ತೇನೆ, ಮುಂದಿನ ಬುಧವಾರ ಮತ್ತೆ ಬಂದು ನಿಲ್ಲುತ್ತೇನೆ. ಬಂದರೂ ಬರದಿದ್ದರೂ, ಯಾಕೆ ಅಂತ ಕೇಳುವುದಿಲ್ಲ.