ದೀಪ ಹಚ್ಚಿದ ಮೇಲೆ ಕೊಡದ ಹೆಪ್ಪು

ದೇವನಹಳ್ಳಿ
9 ನವೆಂಬರ್ 2024

ಅತ್ತೆ ಮುನಿಗಂಗಮ್ಮನವರಿಗೆ ಸೊಸೆ ಸಂಘಮಿತ್ರಳ ನಮಸ್ಕಾರಗಳು.

ನಿಮ್ಮ ಮಗ ಅಮರ್, ನಾನು ಇಬ್ಬರೂ ಚೆನ್ನಾಗಿದ್ದೇವೆ. ನಿಮ್ಮ ಮಂಡಿನೋವು ಹೇಗಿದೆ? ದೀಪಾವಳಿಗೂ ನಾನು ಜಡಿಗೇನಹಳ್ಳಿಗೆ ಬರಲಿಲ್ಲ, ಫೋನನ್ನೂ ಮಾಡಲಿಲ್ಲ. ಕ್ಷಮಿಸಿ. ಫೋನಿನಲ್ಲಿ ಮಾತು ತೆಗೆದರೆ ಅತ್ತುಬಿಡುತ್ತೇನೆ, ಅದಕ್ಕೇ ಈ ಕಾಗದ.

ಮೊದಲು ನಿಮ್ಮ ಮಗನ ಘನಕಾರ್ಯ ಕೇಳಿ. ಯುಗಾದಿ ಆದಮೇಲೆ ನಮ್ಮ ಲ್ಯಾಬಿಗೆಂದು ನಿಮ್ಮ ಮನೆಯ ಹೆಪ್ಪು ತರಲು ಅವರನ್ನು ಕಳಿಸಿದ್ದೆನಲ್ಲ? ಅವರು ಅಲ್ಲಿಗೆ ಬರುವಷ್ಟರಲ್ಲಿ ಸಂಜೆಯಾಗಿತ್ತು. "ದೀಪ ಹಚ್ಚಿದ್ಮೇಲೆ ಹೆಪ್ಪು ಆಚೆ ಕೊಡಲ್ಲ ಕಣಪ್ಪ, ಬೆಳಗ್ಗೆ ಬಾ" ಎಂದಿರಂತೆ. ಬರಿಗೈಲಿ ಬಂದರೆ ನನ್ನ ಮುಖ ನೋಡಬೇಕಲ್ಲ ಎಂದು ಈ ಮಹಾಶಯರು ಹೊಸಕೋಟೆಯಲ್ಲಿ ಪ್ಯಾಕೆಟ್ ಮೊಸರು ಕೊಂಡು, ಸ್ಟೀಲ್ ಡಬ್ಬಿಗೆ ಸುರಿದು ನನ್ನ ಕೈಗಿತ್ತರು. ಅದನ್ನೇ ನಿಮ್ಮ ಹೆಪ್ಪೆಂದು ನಂಬಿ ಇಷ್ಟು ತಿಂಗಳು ಸಾಕಿದೆ.

ಸಾಕುವುದೆಂದರೆ ಸುಲಭವಲ್ಲ ಅತ್ತೆ. ಹಾಲನ್ನು ಮೊಸರು ಮಾಡುವ ಈ ಕಣ್ಣಿಗೆ ಕಾಣದ ಜೀವಗಳು ಹೊಸ ಅಳಿಯನಿಗಿಂತ ಹೆಚ್ಚು ಉಪಚಾರ ಕೇಳುತ್ತವೆ. ಸಕ್ಕರೆ, ಪ್ರೋಟೀನಿನ ಚೂರು, ಹಲವು ವಿಟಮಿನ್, ಎಲ್ಲವನ್ನೂ ಬಾಯಿಗೇ ಕೊಡಬೇಕು; ಒಂದು ತಪ್ಪಿದರೂ ಬೆಳೆಯದೆ ಮುನಿಸಿಕೊಂಡು ಕೂರುತ್ತವೆ. ಅವುಗಳ ವಂಶವಾಹಿಯನ್ನು ತಿದ್ದಿ, ಫೋಲೇಟ್ ಎಂಬ ವಿಟಮಿನ್ನನ್ನು ಅವೇ ಧಾರಾಳವಾಗಿ ತಯಾರಿಸುವಂತೆ ಮಾಡುವುದು ನನ್ನ ಕೆಲಸ. ಆಗ ನಮ್ಮ ಕಡೆಯ ಹೆಂಗಸರಿಗೆ ದಿನದ ಮೊಸರಿನಲ್ಲೇ ಅದು ಸಿಗುತ್ತದೆ.

ಕಳೆದ ವಾರ ವಂಶವಾಹಿಯನ್ನು ಪೂರ್ತಿ ಓದಿಸಿದಾಗ ತಳಿ ಯಾವುದೋ ಕಂಪನಿಯದೆಂದು ಗೊತ್ತಾಯಿತು. ಮೊದಲೇ ಓದಿಸಬೇಕಿತ್ತು; ನಮ್ಮ ಮನೆಯದೇ ಎಂಬ ಧೈರ್ಯದಲ್ಲಿ ಬಿಟ್ಟಿದ್ದೆ. ಮನೆಗೆ ಬಂದು ಕೇಳಿದರೆ ಅಮರ್ ತಲೆ ತಗ್ಗಿಸಿ ಎಲ್ಲ ಒಪ್ಪಿಕೊಂಡರು.

ನಮ್ಮ ಲ್ಯಾಬಿನ ಮುಖ್ಯಸ್ಥರಾದ ವೇಣುಗೋಪಾಲ್ ಸರ್, ಕಂಪನಿಯ ತಳಿಯನ್ನು ಮುಟ್ಟುವಂತಿಲ್ಲ, ಇದನ್ನು ಕೈಬಿಟ್ಟು ಬೇರೆ ಕೆಲಸ ಹಿಡಿಯಿರಿ ಎಂದರು. ನಿಮ್ಮ ಹೆಪ್ಪು ತಂದು ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ ಎಂದೆ. ತಿದ್ದಿದ ಮೊಸರನ್ನು ಜನರಿಗೆ ಕೊಡಲು ಅನುಮತಿ ಸಿಗುವುದಕ್ಕೇ ವರ್ಷಗಳು ಬೇಕು, ಸಿಗದೆಯೂ ಹೋಗಬಹುದು ಎಂದು ಹೆದರಿಸಿದರು. "ಆಗ್ಲಿ ಸರ್, ನಾನು ಬಿಡಲ್ಲ" ಎಂದೆ. ನನ್ನ ಹಟ ನಿಮಗೆ ಗೊತ್ತೇ ಇದೆ. ಕೊನೆಗೆ ಸಂಕ್ರಾಂತಿವರೆಗೆ ಸಮಯ ಕೊಟ್ಟಿದ್ದಾರೆ.

ಮುಂದಿನ ಭಾನುವಾರ ಬೆಳಗ್ಗೆ ನಾನೇ ಬರುತ್ತೇನೆ. ಹೆಪ್ಪು ಎತ್ತಿಟ್ಟಿರಿ. ಅಮರ್‌ಗೆ ಬೈಯಬೇಡಿ, ನಾನು ಸಾಕಷ್ಟು ಬೈದಿದ್ದೇನೆ. ನಾದಿನಿ ಚೈತ್ರಳ ಮಕ್ಕಳಿಗೆ ನನ್ನ ಮುದ್ದು. ನಿಮ್ಮ ಆಶೀರ್ವಾದ ಈ ಕೆಲಸದ ಮೇಲಿರಲಿ.

ನಿಮ್ಮ ಸೊಸೆ
ಸಂಘಮಿತ್ರ

ತಾ.ಕ.: ಅಂದು ಹೆಪ್ಪಿಗೆ ನಾನೇ ಬರಬೇಕಿತ್ತು. ಮಗು ಹೋದಮೇಲೆ ಆ ಮನೆಗೆ ಬರಲು ನನಗೆ ಧೈರ್ಯವಾಗಲಿಲ್ಲ. ಆಸ್ಪತ್ರೆಯಲ್ಲಿ ನೀವು "ನಮ್ಮನೇಲಿ ಇವ್ಳಿಗೆ ಏನ್ ಕಮ್ಮಿ ಮಾಡಿದ್ವಿ?" ಎಂದು ಅತ್ತಿರಿ. ನನ್ನನ್ನು ದೂರುತ್ತಿದ್ದೀರಿ ಎಂದುಕೊಂಡೆ. ಕಮ್ಮಿಯಾಗಿದ್ದದ್ದು ಫೋಲೇಟೇ ಇರಬೇಕೆಂದು ಡಾಕ್ಟರು ಆಮೇಲೆ ಹೇಳಿದರು. ನಾನು ಬಸುರಿ ಎಂದು ನನಗೇ ತಿಳಿಯುವ ಮೊದಲೇ ಮಗುವಿನ ಬೆನ್ನುಹುರಿ ಮುಚ್ಚಿಕೊಳ್ಳದೆ ಉಳಿದಿತ್ತಂತೆ. ಇದರಲ್ಲಿ ನಿಮ್ಮ ತಪ್ಪಿಲ್ಲ ಅತ್ತೆ, ನನ್ನದೂ ಇಲ್ಲ. ನಾನಿನ್ನೂ ಆಸ್ಪತ್ರೆಯ ಮಂಚದ ಮೇಲಿದ್ದಾಗಲೇ ಅವಳನ್ನು ನಮ್ಮ ಹೊಲದಲ್ಲಿ ಮಣ್ಣು ಮಾಡಿದಿರಿ. ಯಾವ ಮೂಲೆಯಲ್ಲಿ ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಭಾನುವಾರ ಹೆಪ್ಪು ಕೊಡುವ ಮೊದಲು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ.