ನೀನು ನೆಟ್ಟ ನಂದಿಬಟ್ಟಲು

ನಿಶ್ಚಿತಾ,

ನನ್ನ ಮಗ ನಾಗಾರ್ಜುನನಿಗೂ ನಿನಗೂ ಡೈವೋರ್ಸ್ ಆದ ಮೇಲೆ ಅತ್ತೆಯ ಕಾಗದ ನಿನಗೇಕೆ? ಕಳಿಸುವುದಿಲ್ಲ, ಬರೆಯದೆ ಕೂರಲೂ ಆಗುತ್ತಿಲ್ಲ.

ಈ ಬೇಸಿಗೆ ವಿಜಯನಗರಕ್ಕೆ ನೀರೇ ಸರಿಯಾಗಿ ಬರಲಿಲ್ಲ. ನೀನು ನೆಟ್ಟ ನಂದಿಬಟ್ಟಲು ಗಿಡದ ಎಲೆಯೆಲ್ಲ ಬಿಸಿಲಿಗೆ ಸುಟ್ಟು ಉದುರಿತು.

"ಸತ್ತೋಯ್ತು ಕಣಮ್ಮ, ಕಿತ್ತಾಕ್ಬುಡ್ತೀನಿ," ಎಂದ ನಾಗಾರ್ಜುನ.

ನಾನು ಉಗುರಿನಿಂದ ಕೊಂಬೆ ಕೆರೆದು ನೋಡಿದೆ, ಒಳಗೆ ಹಸಿರಿತ್ತು. "ಚಿಗುರೋವರ್ಗೂ ಮುಟ್ಬೇಡ ಕಣೋ," ಎಂದೆ. ಬುಡಕ್ಕೆ ತರಗೆಲೆ ಹೊದಿಸಿ, ಅಕ್ಕಿ ತೊಳೆದ ನೀರು ಹಾಕಿ, ಗಳಿಗೆಗೊಮ್ಮೆ ಹೋಗಿ ನೋಡುತ್ತಿದ್ದೆ.

ಇವತ್ತು ಹೋದಾಗ ಗಿಡ ಚಿಗುರಿತ್ತು. ಅವನು ಅದರ ಮುಂದೆ ಕೂತು, ಸ್ನಾನಕ್ಕೆಂದು ಇಟ್ಟಿದ್ದ ನೀರನ್ನೇ ಚೊಂಬಿನಿಂದ ಮೆಲ್ಲಗೆ ಬಿಡುತ್ತಿದ್ದ.

"ನಿಶ್ಚಿತಾಗೆ ಫೋನ್ ಮಾಡಿ ಹೇಳ್ಲಾ?" ಎಂದೆ.

"ಬೇಡ ಬುಡಮ್ಮ," ಎಂದ.

ಚೊಂಬು ಖಾಲಿಯಾದರೂ ಅವನು ಏಳಲಿಲ್ಲ. ನಾನೂ ಒಳಗೆ ಹೋಗಲಿಲ್ಲ.