ಮೇಲಿನ ಗೀಟು

ಸೇಜ್ ಕ್ರೀಕ್, ಮೊಂಟಾನಾ
ಏಪ್ರಿಲ್ 9, ಬುಧವಾರ

ಬ್ರಿಟಾ,

ಮೊದಲು ಕೈಯಲ್ಲಿರುವ ಆ ಕೋವಿಮದ್ದಿನ ಡಬ್ಬಿ ಕೆಳಗಿಡು. ಇಟ್ಟೆಯಾ? ಮುಚ್ಚಳ ಹಾಕು. ಈಗ ಓದು.

ಬಿಲ್ಲಿಂಗ್ಸಿನಲ್ಲಿ ಕೂತು ಊರ ಮಕ್ಕಳಿಗೆಲ್ಲ ಲೆಕ್ಕ ಕಲಿಸುವವಳು ನೀನು. 'ಅಜ್ಜನ ಪುಸ್ತಕದಲ್ಲಿರುವ ಮದ್ದಿನ ಅಳತೆಯಲ್ಲಿ ಅರ್ಧ ಹಾಕಿದರೆ ಹೆಗಲಿಗೆ ಬೀಳುವ ಕೋವಿಯ ಒದೆಯೂ ಅರ್ಧವಾಗುತ್ತದೆ ತಾನೇ' ಎಂದು ಬರೆದಿದ್ದೀಯಲ್ಲ, ಓದಿದರೆ ನಮ್ಮ ಕೋಳಿಗಳೂ ನಗುತ್ತವೆ. ಕೋವಿಯೇನು ಕಾಫಿಯೇ, ಸಕ್ಕರೆ ಅರ್ಧ ಹಾಕಿದರೆ ಸಿಹಿ ಅರ್ಧವಾಗಲು?

ನಾನು ಒಂದೇ ಕೋಣೆಯ ಶಾಲೆಯಲ್ಲಿ ಎಂಟನೇ ತರಗತಿ ಮುಗಿಸಿದವಳು. ಆದರೂ ಇಷ್ಟು ಬಲ್ಲೆ. ಆ ಕೋವಿಯ ತೋಟಾದ ಹಿತ್ತಾಳೆ ಚಿಪ್ಪು ಕರಿಮದ್ದಿನ ಕಾಲದ್ದು. ಆಗ ಬಾಯಿಯವರೆಗೂ ತುಂಬಬೇಕಿತ್ತು, ಅದಕ್ಕೇ ಅಷ್ಟು ದೊಡ್ಡದು. ಈಗಿನ ಹೊಗೆ ಬಾರದ ಮದ್ದಿಗೆ ಅಷ್ಟು ಜಾಗ ಬೇಡ. ಅಜ್ಜ ಬಳಸುತ್ತಿದ್ದ ಮದ್ದನ್ನು ನೀನು ಅರ್ಧ ಮಾಡಿದರೆ ಅದು ಆ ಖಾಲಿಯಲ್ಲಿ ಮಗ್ಗುಲಾಗಿ ಬಿದ್ದುಕೊಳ್ಳುತ್ತದೆ. ಆಮೇಲೆ ಬೆಂಕಿ ಹೇಗೆ ಹಿಡಿಯುತ್ತದೆಂದು ಯಾರೂ ಹೇಳಲಾರರು. ಒಮ್ಮೆ ಗುಂಡು ನಳಿಗೆಯ ನಡುವೆಯೇ ಸಿಕ್ಕಿಕೊಳ್ಳುತ್ತದೆ, ಒಮ್ಮೆ ಕೋವಿಯೇ ಒಡೆದು ಮುಖಕ್ಕೆ ಬರುತ್ತದೆ. ಅದರ ಬದಲು ಬೇಗ ಉರಿಯುವ ಬಿರುಸಿನ ಮದ್ದನ್ನು ಚಿಟಿಕೆಯಷ್ಟು ಹಾಕುತ್ತೇನೆ ಅನ್ನಬೇಡ. ಅದು ಚಿಪ್ಪಿನ ತಳದಲ್ಲಿ ಎಲ್ಲಿದೆಯೆಂದೇ ಕಾಣದು, ಮರೆತು ಎರಡು ಸಲ ಹಾಕಿದರೂ ತಿಳಿಯದು. ಪಕ್ಕದ ಮನೆಯ ಐನಾರ್‌ನ ಎಡಗೈಯಲ್ಲಿ ಮೂರೇ ಬೆರಳು ಏಕಿವೆ ಅಂದುಕೊಂಡೆ? ಮದ್ದು ಹಾಕುತ್ತಿದ್ದವನು ನಡುವೆ ಎದ್ದು ಫೋನ್ ಎತ್ತಲು ಹೋಗಿದ್ದ.

ಬೈದದ್ದು ಸಾಕು. ನನ್ನನ್ನು ಚುಚ್ಚಿದ್ದು ನಿನ್ನ ಪತ್ರದ ಇನ್ನೊಂದು ಮಾತು. ಅಂಗಡಿಯ ತೋಟಾ ನಾಲ್ಕು ಹಾರಿಸುವಷ್ಟರಲ್ಲಿ ನಿನ್ನ ಹೆಗಲು ನೀಲಿಯಾಯಿತು. ಅಜ್ಜ ಎಂಬತ್ತೆರಡರಲ್ಲೂ ಪೂರಾ ಮದ್ದಿನ ತೋಟಾ ಹಾರಿಸುತ್ತಿದ್ದರು, ಹಾಗಾಗಿ ಅವರು ಬಿಟ್ಟುಹೋದ ಕೋವಿಗೆ ನೀನು ತಕ್ಕವಳಲ್ಲ ಅನ್ನುತ್ತೀಯ. ಈ ಅರ್ಧ ಮದ್ದಿನಲ್ಲೂ ಆಗದಿದ್ದರೆ ಜೂನಿನ ಗುರಿ ಪಂದ್ಯಕ್ಕೆ ಬರುವುದಿಲ್ಲ, ಕೋವಿಯನ್ನು ರಾಯ್ ಮಾವನಿಗೆ ಕೊಟ್ಟುಬಿಡುತ್ತೀಯ. ಇದನ್ನು ಓದಿದ ಮೇಲೆ ಎರಡು ದಿನ ನನಗೆ ರೊಟ್ಟಿ ಲಟ್ಟಿಸಲೂ ಮನಸ್ಸಾಗಲಿಲ್ಲ.

ಕೇಳು. ನಿಮ್ಮಜ್ಜ ಸಾಯುವ ಹೊತ್ತಿಗೆ ಪೂರಾ ಮದ್ದಿನ ತೋಟಾ ಹಾರಿಸಿ ಒಂಬತ್ತು ವರ್ಷವಾಗಿತ್ತು. ಅದು ಅವರಿಗೇ ಗೊತ್ತಿರಲಿಲ್ಲ. ಗೊತ್ತಿದ್ದದ್ದು ನನಗೊಬ್ಬಳಿಗೆ.

ಆ ಬೂದು ಕುದುರೆ ಅವರನ್ನು ಬೇಲಿಯ ಮೇಲೆ ಕೆಡವಿತಲ್ಲ, ಹೆಗಲಿಗೆ ಲೋಹದ ಪಟ್ಟಿ ಹಾಕಿದರಲ್ಲ, ಆಗಲೇ ಡಾಕ್ಟರು ಹೇಳಿದ್ದರು, ಇನ್ನು ಆ ಕೋವಿಯ ಒದೆ ತಿನ್ನುವ ಹಾಗಿಲ್ಲ ಎಂದು. ನಾನು ಮೆಲ್ಲಗೆ, "ರೀ, ಐನಾರ್ ಹಂಗೆ ಹಗುರ ತೋಟಾ ಮಾಡ್ಕೊಳ್ಳಿ" ಅಂದೆ. ಅವರು, "ಅವನ ಗುಂಡು ಗುರಿ ಮುಟ್ಟೋ ಹೊತ್ತಿಗೆ ನಾನು ಮನೆಗೋಗಿ ಕಾಫಿ ಕುಡ್ದು ಬರ್ತೀನಿ ಕಣೇ. ಅಂಥದ್ದು ಹಾರ್ಸೋ ಬದ್ಲು ಕೋವಿನ ಗೋಡೆಗೆ ತೂಗ್ಹಾಕ್ತೀನಿ" ಅಂದರು. ಹೇಳಿದಂತೆ ಮಾಡುವ ಮನುಷ್ಯ. ಕೋವಿ ಗೋಡೆ ಹತ್ತಿದ ದಿನ ಅವರು ಹಾಸಿಗೆ ಹತ್ತುತ್ತಾರೆಂದು ನನಗೆ ಗೊತ್ತಿತ್ತು.

ಅಷ್ಟರಲ್ಲಿ ಅವರ ಕೈ ನಡುಗಲು ಶುರುವಾಗಿ, ತೂಗಿ ತುಂಬುವ ಕೆಲಸ ನನ್ನ ಪಾಲಿಗೆ ಬಂದಿತ್ತು. ತೋಟಾ ತುಂಬುವ ಕೋಣೆಗೆ ಅವರೇ ಮಾಡಿದ ಕಟ್ಟಳೆ ನಿನಗೂ ನೆನಪಿರಬೇಕು: ಮದ್ದು ಹಾಕುವಾಗ ಯಾರೂ ಒಳಗೆ ಬರುವಂತಿಲ್ಲ, ಮಾತಾಡಿಸುವಂತಿಲ್ಲ, ಪಾದ್ರಿ ಬಂದರೂ ಬಾಗಿಲಾಚೆ ನಿಲ್ಲಬೇಕು. ಅದೇ ಕಟ್ಟಳೆಯಿಂದ ನಾನು ಅವರನ್ನೇ ಹೊರಗಿಟ್ಟೆ. ಪೇಟೆಯ ಕೋವಿ ಅಂಗಡಿಯ ಡ್ವೇನ್‌ನಿಂದ ಹಗುರ ಮದ್ದನ್ನೂ ಅದರ ಅಚ್ಚಾದ ಪುಸ್ತಕವನ್ನೂ ತರಿಸಿದೆ. ಒಂದೊಂದು ಕಣವೂ ನಡುವೆ ತೂತಿರುವ ಪುಟಾಣಿ ಬಿಲ್ಲೆಯಂತೆ, ಹೊಟ್ಟಿನಷ್ಟು ಹಗುರ. ಚಿಪ್ಪನ್ನು ಹೆಚ್ಚುಕಡಿಮೆ ತುಂಬಿಸುತ್ತದೆ, ಎರಡನೇ ಸಲ ಹಾಕಿದರೆ ಹೊರಗೆ ಚೆಲ್ಲಿ ತಾನೇ ಹೇಳುತ್ತದೆ. ಒತ್ತಿ ತುರುಕಬಾರದು, ಅಷ್ಟೇ. ಪುಸ್ತಕದಲ್ಲಿ ಇದ್ದ ಅಳತೆಗೆ ಒಂದು ಕಣ ಹೆಚ್ಚಿಲ್ಲ, ಒಂದು ಕಣ ಕಡಿಮೆಯಿಲ್ಲ. ತುಂಬಿ ಮುಗಿಸಿ, ಡಬ್ಬಿಯ ಮೇಲೆ 'ಪೂರಾ' ಎಂದು ಬರೆದೆ.

ಈ ಕೆಲಸದಲ್ಲಿ ಗುರಿ ತಪ್ಪುವುದು ಪಾಪವಲ್ಲ, ಡಬ್ಬಿಯ ಮೇಲೆ ಸುಳ್ಳು ಬರೆಯುವುದು ಪಾಪ. ಬೇರೆಯವರು ಮಾಡಿದ್ದರೆ ನಾನೇ ಅಂಗಳದಲ್ಲಿ ನಿಲ್ಲಿಸಿ ಉಗಿಯುತ್ತಿದ್ದೆ.

ಆ ಬೇಸಿಗೆಯ ಪಂದ್ಯಕ್ಕೆ ನಾನೂ ಹೋಗಿದ್ದೆ. ಇನ್ನೂರು ಗಜದಾಚೆ ಗುರಿಗೆಂದು ನಿಲ್ಲಿಸಿದ ಕಬ್ಬಿಣದ ಕಾಡೆಮ್ಮೆ. ಅಜ್ಜನ ಮೊದಲ ಗುಂಡು ಅದರ ಕಾಲಿಗಿಂತ ಎಷ್ಟೋ ಮುಂದೆ ಮಣ್ಣು ಹಾರಿಸಿತು. ಅವರು ಕಾಡೆಮ್ಮೆಯನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಕೋವಿಯನ್ನೇ ಸ್ವಲ್ಪ ಹೊತ್ತು ನೋಡಿದರು. "ಯಾವ್ದೋ ಸ್ಕ್ರೂ ಸಡ್ಲ ಆಗೈತೆ. ಥೋರಾ, ನಿನ್ ಹೊಲಿಗೆ ಚೀಲದಾಗಿನ ದಬ್ಬಳ ಕೊಡು" ಅಂದು, ಕೋವಿ ಎತ್ತಿಕೊಂಡು ಟ್ರಕ್ಕಿನ ಹಿಂದಕ್ಕೆ ಹೋದರು. ಬಂದ ಮೇಲೆ ಹಾರಿಸಿದ ಒಂಬತ್ತರಲ್ಲಿ ಏಳು ಗಣ್ ಗಣ್ ಎಂದವು. ಪ್ರೀತಿಗೆ ಹೇಳಿದ ಸುಳ್ಳನ್ನು ದೇವರೇ ಮುಚ್ಚಿದ ಅಂದುಕೊಂಡೆ. ಸಂಜೆ ಎಲ್ಲರೆದುರು ಕೋವಿ ಸವರುತ್ತಾ ಅವರು, "ಇದೂ ನಮ್ಮ ಥೋರಾ ಹಂಗೇ. ವಯಸ್ಸಾದ್ಮೇಲೆ ಒದೆಯೋದು ಬಿಟ್ಟೈತೆ" ಅಂದು ನಗಿಸಿದರು. ನಾನು ಸಿಟ್ಟು ಬಂದವಳಂತೆ ಮುಖ ತಿರುಗಿಸಿದೆ. ದಬ್ಬಳ ಮಾತ್ರ ವಾಪಸು ಕೊಡಲಿಲ್ಲ. ಒಂಬತ್ತು ವರ್ಷ ಕೇಳಿದೆ, ಒಂಬತ್ತು ವರ್ಷ "ಎಲ್ಲೋ ಬಿತ್ತು" ಅಂದರು.

ಕೋವಿಯ ಜೊತೆ ನಿನಗೆ ಬಂದ ಆ ಎರಡು ಕೆಂಪು ಮುಚ್ಚಳದ ಡಬ್ಬಿಗಳು ನಾನು ತುಂಬಿದ ಕೊನೆಯವು. ಮೇಲೆ 'ಪೂರಾ' ಎಂದಿರುವುದಕ್ಕೆ ಹೆದರಿ ನೀನು ಮುಟ್ಟಿಲ್ಲ. ಆ ಚೀಟಿ ಕಿತ್ತು 'ಹಗುರ, ಅಜ್ಜಿ ತುಂಬಿದ್ದು' ಎಂದು ಬರೆದು ಅಂಟಿಸು. ಅವನ್ನೇ ಹಾರಿಸು, ಒಂದೊಂದಕ್ಕೂ ನಾನು ಹೊಣೆ. ಮುಗಿದ ಮೇಲೆ ಇಲ್ಲಿಗೆ ಬಾ, ಎದುರು ಕೂತು ಕಲಿ. ನಿಮ್ಮಜ್ಜ ಮಾಡುತ್ತಿದ್ದುದನ್ನು ನೀನು ಮಾಡಲಾರೆ ಎಂಬ ಮಾತು ಮಾತ್ರ ಇನ್ನೊಮ್ಮೆ ಬರಬಾರದು. ಅವರೂ ಮಾಡುತ್ತಿರಲಿಲ್ಲ.

ಕೋವಿಯ ಮೇಲೆ ಗುರಿ ನೋಡಲು ಏರಿಸಿ ಇಳಿಸುವ ಆ ಪುಟ್ಟ ಏಣಿಯಲ್ಲಿ ಎರಡು ಗೀಟು ಏಕಿವೆ, ಕೆಳಗಿನದು ಸವೆದಿದೆ, ಮೇಲಿನದು ಯಾರೋ ಸೂಜಿಯಿಂದ ಕೆರೆದಂತಿದೆ ಎಂದು ಕೊನೆಯಲ್ಲಿ ಕೇಳಿದ್ದೀಯ. ನನಗೆ ಗೊತ್ತಿಲ್ಲ. ನಾನು ತುಂಬಿದವಳು, ಹಾರಿಸಿದವಳಲ್ಲ.

ಹೊಟ್ಟೆ ತುಂಬ ಉಣ್ಣು. ಹೆಗಲಿಗೆ ಬಿಸಿಬಟ್ಟೆ ಇಡು.

ನಿನ್ನ ಅಜ್ಜಿ,
ಥೋರಾ

ಮರೆತ ಮಾತು, ಶುಕ್ರವಾರ: ಹಿಮ ಬಿದ್ದು ಅಂಚೆಯವನು ಬರಲಿಲ್ಲ, ಅದಕ್ಕೇ ಲಕೋಟೆ ಮತ್ತೆ ಒಡೆದೆ. ಇವತ್ತು ಕಾಫಿಗೆ ಬಂದ ಐನಾರ್‌ನನ್ನು ಆ ಗೀಟಿನ ಬಗ್ಗೆ ಕೇಳಿದೆ. ಲೋಟ ಕೆಳಗಿಟ್ಟು, "ಅತ್ತಿಗೆ, ಹಗುರ ತೋಟಾದ ಗುಂಡು ಬೇಗ ಕೆಳಗಿಳೀತದೆ. ಏಣಿ ಏರಿಸ್ಲೇಬೇಕು. ಟ್ರಕ್ಕಿನ ಹಿಂದೆ ನಿಮ್ ದಬ್ಬಳದಾಗೆ ಅವ್ನು ಗೀಟು ಹಾಕ್ವಾಗ ನಾನು ಅಲ್ಲೇ ಇದ್ದೆ. 'ಥೋರಾಗೆ ಹೇಳ್ಬೇಡ ಕಣೋ, ಪಾಪ, ಕದ್ದು ಕದ್ದು ಎಷ್ಟು ಅಚ್ಚುಕಟ್ಟಾಗಿ ತುಂಬವ್ಳೆ' ಅಂದ. ಆಮ್ಯಾಕೆ ನನ್ ತೋಟಾನ ಒಂದಿನಾನೂ ಆಡ್ಕೊಳ್ಳಿಲ್ಲ" ಅಂದ. ಒಂಬತ್ತು ವರ್ಷ ಇಬ್ಬರೂ ಬಾಯಿ ಬಿಡಲಿಲ್ಲ, ಕಳ್ಳರು.

ಬ್ರಿಟಾ, ಏಣಿಯನ್ನು ಮೇಲಿನ ಗೀಟಿಗೆ ನಿಲ್ಲಿಸು. ಕೋವಿಯ ಚೀಲದ ಮೂಲೆಯಲ್ಲಿ ಕೈಯಾಡಿಸಿ ನೋಡು, ದಬ್ಬಳ ಸಿಕ್ಕರೆ ಕಳಿಸಬೇಡ, ಅಲ್ಲೇ ಇರಲಿ. ಗುಂಡು ತಗುಲಿತೋ ಇಲ್ಲವೋ, ಮೇ ತಿಂಗಳು ಹುಟ್ಟುವ ಮೊದಲು ನನಗೆ ಬರೆ.